ಕ್ಯಾಮೆರಾ ಆಮೇಲೆ ನೋಡೋಣ, ಮೊದಲು ಹಾಳಾದ ಫೋಟೊ ಕಳಿಸು

ಈ ವಾರದ ಮಾತು ಟ್ರೈಪಾಡ್, ಲೆನ್ಸ್ ಮತ್ತು ಇಎಂಐ ಬಗ್ಗೆ. ಬಿಕಾಂ ಓದಿದವಳು ಇಎಂಐ ಬಗ್ಗೆ ಮಾತಾಡೋದು ಸಹಜ. ಉಳಿದೆರಡರ ಪಾಠವನ್ನು ನಾನು ದುಡ್ಡು ಕಳ್ಕೊಂಡು ಕಲಿತಿದ್ದು.

ಕಳೆದ ತಿಂಗಳು ಒಂದು ರಾತ್ರಿ ಶಿರಸಿಯಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಕ್ಕಾ, ಆಫರ್ ಇವತ್ತು ಹನ್ನೆರಡು ಗಂಟೆಗೆ ಮುಗೀತದೆ. 95 ಸಾವಿರಕ್ಕೆ ಬಾಡಿ, ಎರಡು ಲೆನ್ಸು, ಬ್ಯಾಗು. ಟ್ರೈಪಾಡ್ ಫ್ರೀ. ಒಂಬತ್ತು ತಿಂಗಳು ನೋ ಕಾಸ್ಟ್ ಇಎಂಐ. ತಗೊಳ್ಲಾ?"

ಅವನ ಸಂಬಳ 24 ಸಾವಿರ. ಕೆಲಸಕ್ಕೆ ಸೇರಿ ಏಳು ತಿಂಗಳು. ಯಕ್ಷಗಾನದ ಹುಚ್ಚು. ಮೇಳದವರಿಗೆ ಫೋಟೊ ತೆಗೆದುಕೊಟ್ಟರೆ ಕೈಖರ್ಚಿಗೆ ನಾಲ್ಕು ಕಾಸು ಆಗುತ್ತದೆ ಅನ್ನೋದು ಅವನ ಲೆಕ್ಕ. ಚಿಕ್ಕಪ್ಪನಿಗೆ ಇನ್ನೂ ಹೇಳಿರಲಿಲ್ಲ. ಹೇಳಿಲ್ಲ ಅಂದಾಗಲೇ ನನಗೆ ಸ್ವಲ್ಪ ಭಯ ಆಯ್ತು.

ಮೊದಲು ಆ 'ನೋ ಕಾಸ್ಟ್' ಮುಗಿಸಿಬಿಡೋಣ. ಕ್ರೆಡಿಟ್ ಕಾರ್ಡಿನ ಇಎಂಐಯಲ್ಲಿ ಬ್ಯಾಂಕ್ ಬಡ್ಡಿ ಬಿಡೋದಿಲ್ಲ. ಅಷ್ಟೇ ಮೊತ್ತವನ್ನು ಮಾರುವವರು ಬೆಲೆಯಲ್ಲಿ ರಿಯಾಯಿತಿ ಅಂತ ಕಳೀತಾರೆ, ಬ್ಯಾಂಕು ಅದನ್ನು ಬಡ್ಡಿ ಅಂತ ವಾಪಸ್ ಸೇರಿಸುತ್ತದೆ. ವರ್ಷಕ್ಕೆ ಶೇ 16 ಬಡ್ಡಿ ಅಂತ ಇಟ್ಕೊಂಡರೆ 95 ಸಾವಿರದ ಒಂಬತ್ತು ಕಂತಿನೊಳಗೆ ಸುಮಾರು 6,000 ರೂಪಾಯಿ ಬಡ್ಡಿ ಅಡಗಿ ಕೂತಿದೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅಂದರೆ ಸಾವಿರ ಚಿಲ್ಲರೆ, ನಿಮ್ಮ ಜೇಬಿನಿಂದಲೇ ಹೋಗೋದು. ಮೇಲೆ ಪ್ರೊಸೆಸಿಂಗ್ ಫೀ. ಅದೂ ಇರಲಿ ಬಿಡಿ, ತಿಂಗಳ ಕಂತೇ 10,556 ರೂಪಾಯಿ. 24 ಸಾವಿರದಲ್ಲಿ!

ಬೇಡ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಫೋನ್ ಇಟ್ಟು ಬುಕ್ ಮಾಡ್ತಿದ್ದ. "ಇವತ್ತು ರಾತ್ರಿ ಬೇಡ. ನಿನಗೆ ಬೇಜಾರು ತರಿಸಿದ 20 ಫೋಟೊ ಕಳಿಸು. ಚೆನ್ನಾಗಿ ಬಂದವು ಬೇಡ, ಕೆಟ್ಟವೇ ಬೇಕು" ಅಂದೆ.

ಮರುದಿನ ಬಂದವು. ಕೆಲವು ಫೋನಿನವು, ಕೆಲವು ಗೆಳೆಯನ ಕ್ಯಾಮೆರಾ ಎರವಲು ತಂದು ತೆಗೆದವು. ನಾನು ಲೆಡ್ಜರ್ ತರಹ ಖಾತೆ ಹಾಕಿದೆ. ಸಂಜೆ ಮಬ್ಬಿನಲ್ಲಿ ಕೈ ಅಲುಗಿ ಕಲಸಿಹೋದವು 8. ರಾತ್ರಿ ಆಟದಲ್ಲಿ ವೇಷಧಾರಿ ಕುಣಿಯುವಾಗ ಬರೀ ಬಣ್ಣದ ಗೆರೆ ಬಂದವು 7. ಮಂಗಟ್ಟೆ ಹಕ್ಕಿ ಸಾಸಿವೆ ಕಾಳಿನಷ್ಟು ಕಂಡವು 3. ಉಳಿದೆರಡು ಯಾಣದ ಬಂಡೆ, ಫ್ರೇಮಿಗೆ ಹಿಡಿಸಿರಲಿಲ್ಲ. 'ಕ್ಯಾಮೆರಾ ಬಾಡಿ ಹಳೆಯದು' ಅನ್ನೋ ಕಾರಣಕ್ಕೆ ಕೆಟ್ಟ ಫೋಟೊ ಒಂದೂ ಇರಲಿಲ್ಲ. ಆದರೆ 95 ಸಾವಿರದಲ್ಲಿ ದೊಡ್ಡ ಪಾಲು ಹೋಗ್ತಿದ್ದದ್ದು ಬಾಡಿಗೇ.

ಮೊದಲ ಎರಡು ಖಾತೆ ನೋಡೋಕೆ ಒಂದೇ ತರ. ಎರಡೂ ಬ್ಲರ್. ಆದರೆ ರೋಗ ಬೇರೆ, ಔಷಧಿಯೂ ಬೇರೆ. ಈ ಎಪಿಸೋಡಿನಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದರೆ ಇದನ್ನೇ ಇಟ್ಕೊಳ್ಳಿ. ನಿಮ್ಮ ಕೈ ಅಲುಗಿದ್ದರೆ ಟ್ರೈಪಾಡ್ ಬೇಕು. ಎದುರಿಗಿರೋರು ಅಲುಗಿದ್ದರೆ ಟ್ರೈಪಾಡ್‌ನಿಂದ ಪ್ರಯೋಜನ ಇಲ್ಲ, ಬೆಳಕು ಜಾಸ್ತಿ ಎಳ್ಕೊಳ್ಳೋ ಲೆನ್ಸ್ ಬೇಕು. ಸ್ಟೆಬಿಲೈಸೇಶನ್ ಅಂತ ಬಾಕ್ಸ್ ಮೇಲೆ ಬರೆದಿರ್ತಾರಲ್ಲ, ಅದೂ ಸರಿಮಾಡೋದು ನಿಮ್ಮ ಕೈಯನ್ನ ಮಾತ್ರ. ರಂಗದ ಮೇಲೆ ಧೀಂಗಿಣ ಹಾಕ್ತಿರೋ ವೇಷಧಾರಿಯನ್ನ ಅದು ನಿಲ್ಲಿಸೋದಿಲ್ಲ.

ಯಕ್ಷಗಾನದ ಲೆಕ್ಕ ನೋಡಿ. ಗೆಳೆಯನ ಕ್ಯಾಮೆರಾದಲ್ಲಿದ್ದದ್ದು ಜೊತೆಗೆ ಬರೋ 18-55 ಕಿಟ್ ಲೆನ್ಸ್. ಅದನ್ನು ಪೂರ್ತಿ ಝೂಮ್ ಮಾಡಿದರೆ ಒಳಗಿನ ಕಿಂಡಿ, ಅಂದರೆ ಅಪರ್ಚರ್, ಎಫ್ 5.6ಕ್ಕಿಂತ ಅಗಲ ತೆರೆಯೋದಿಲ್ಲ. ಆ ಬೆಳಕಿಗೆ ಐಎಸ್ಒ 3200 ಇಟ್ಟರೂ ಶಟರ್ ಸಿಕ್ಕಿದ್ದು ಸೆಕೆಂಡಿನ 30ನೇ ಒಂದು ಭಾಗ. ಕುಣಿತ ನಿಲ್ಲಿಸಬೇಕು ಅಂದರೆ 250ನೇ ಒಂದು ಭಾಗವಾದರೂ ಬೇಕು. ಅದೇ ಜಾಗದಲ್ಲಿ ಎಫ್ 1.8 ಲೆನ್ಸ್ ಇಟ್ಟರೆ ಒಳಗೆ ಬರೋ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. 5.6 ಅನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 9.7 ಬರುತ್ತದೆ. ಶಟರ್ 290ರ ಹತ್ತಿರ ಹೋಗುತ್ತದೆ. ಕೆಲಸ ಆಯ್ತು. ಎಫ್ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು ಅನ್ನೋದು ಮೊದಮೊದಲು ತಲೆ ತಿನ್ನುತ್ತದೆ, ಅಭ್ಯಾಸ ಆಗುತ್ತದೆ. ಎಫ್ 1.8ರಲ್ಲಿ ಫೋಕಸ್ ಆಗೋ ಜಾಗ ತೆಳ್ಳಗೆ ಅನ್ನೋದೂ ಗೊತ್ತಿರಲಿ. ಮುಂದಿನ ವೇಷ ಸ್ಪಷ್ಟ ಬಂದರೆ ಹಿಂದೆ ಕೂತ ಭಾಗವತರು ಮಂಜು ಮಂಜು.

ಇಂಥ ಲೆನ್ಸ್ ದುಬಾರಿ ಅಂದ್ಕೊಂಡಿರಾ? ಕ್ಯಾನನ್‌ನ 50 ಎಂಎಂ ಎಫ್ 1.8 ಎಸ್‌ಟಿಎಂ ತೂಕ 160 ಗ್ರಾಂ, ಹೊಸದಕ್ಕೇ ಹತ್ತು ಸಾವಿರದ ಆಸುಪಾಸು. ಝೂಮ್ ಇಲ್ಲ, ಹತ್ತಿರ ಬೇಕಾದರೆ ನೀವೇ ನಡೆದು ಹೋಗಬೇಕು, ಅಷ್ಟೇ. ನಮ್ಮಂಥವರ ಹತ್ತಿರ ಇರೋ ಎಪಿಎಸ್-ಸಿ ಸೆನ್ಸರ್ ಚಿಕ್ಕದು, ಹಾಗಾಗಿ 50 ಅನ್ನೋದು 75-80 ಎಂಎಂ ತರ ಕಾಣುತ್ತದೆ. ಮುಂದಿನ ಸಾಲಲ್ಲಿ ಕೂತು ರಂಗ ನೋಡೋಕೆ ಸರಿಯಾದ ಅಳತೆ. ಮನೆಯೊಳಗೆ ಹುಟ್ಟುಹಬ್ಬ ತೆಗೆಯೋಕೆ ಮಾತ್ರ ಗೋಡೆಗೆ ಬೆನ್ನು ತಾಗಿಸಿ ನಿಲ್ಲಬೇಕು, ಅಂಥವರು 35 ಎಂಎಂ ನೋಡಿ. ಪ್ರವಾಸಕ್ಕೆ ಒಂದೇ ಲೆನ್ಸ್ ಸಾಕು ಅನ್ನೋರಿಗೆ ಸಿಗ್ಮಾದ 18-50 ಎಫ್ 2.8 ಇದೆ, ಸೋನಿ ಮೌಂಟಿನದ್ದು ಬರೀ 290 ಗ್ರಾಂ. ಬೆಲೆ ಮಾತ್ರ ಹಗುರ ಅಲ್ಲ.

ಇನ್ನು ಟ್ರೈಪಾಡ್. ಆ 'ಫ್ರೀ' ಅನ್ನೋ ಶಬ್ದ ಕೇಳಿದಾಗ ನನಗೆ ಕೊಡಚಾದ್ರಿ ನೆನಪಾಯ್ತು. ಕೆಲವು ವರ್ಷದ ಹಿಂದೆ, ಮೊದಲ ಡಿಎಸ್‌ಎಲ್‌ಆರ್ ಜೊತೆ ಅಂಗಡಿಯವರು ಹೀಗೇ ಒಂದು ಟ್ರೈಪಾಡ್ ಕೊಟ್ಟಿದ್ದರು. ಸರ್ವಜ್ಞ ಪೀಠದ ಹತ್ತಿರ ಸೂರ್ಯಾಸ್ತಕ್ಕೆ ಕಾಯ್ತಾ ನಿಲ್ಲಿಸಿದ್ದೆ. ಎತ್ತರ ಸಾಲಲಿಲ್ಲ ಅಂತ ನಡುವಿನ ಕಂಬ ಪೂರ್ತಿ ಮೇಲೆತ್ತಿದ್ದೆ. ಗಾಳಿ ಬೀಸಿತು, ಅಡಿಯ ತೆಳು ಕಾಲು ಬಾಗಿತು, ಮೇಲಿನ ಪ್ಲಾಸ್ಟಿಕ್ ಪ್ಲೇಟ್ ಕಿತ್ತುಬಂತು. ಕ್ಯಾಮೆರಾ ಮೂತಿ ಕೆಳಗಾಗಿ ಬಿತ್ತು. ಲೆನ್ಸ್ ಎರಡು ತುಂಡು. ಬಾಡಿ ಹೇಗೋ ಬದುಕಿತು. ಅಪ್ಪ ಆ ಕ್ಯಾಮೆರಾಕ್ಕೆ ಅರ್ಧ ದುಡ್ಡು ಹಾಕಿದ್ದರು. ಬಿದ್ದ ವಿಷಯ ಅವರಿಗೆ ಹೇಳೋಕೆ ನನಗೆ ಎರಡು ತಿಂಗಳು ಬೇಕಾಯ್ತು.

ಹಾಗಾಗಿ ಟ್ರೈಪಾಡ್ ಬಗ್ಗೆ ನಾನು ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ, ಸಹಿಸ್ಕೊಳ್ಳಿ.

ಪ್ರವಾಸದ ಟ್ರೈಪಾಡ್ ಅಂದರೆ ಮೂರು ಆಸೆಗಳ ಜಗಳ: ಹಗುರ ಇರಬೇಕು, ಚಿಕ್ಕದಾಗಿ ಮಡಚಬೇಕು, ಅಲುಗಬಾರದು. ಮೂರೂ ಬೇಕು ಅಂದರೆ ದುಡ್ಡು ಸುರಿಯಬೇಕು. ಬ್ಯಾಗಿನಲ್ಲಿ ಹಿಡಿಯೋ ಅಳತೆ ಅಂದರೆ ಮಡಚಿದಾಗ ಸುಮಾರು 40 ಸೆಂಟಿಮೀಟರ್. ಕಾಲುಗಳನ್ನು ಉಲ್ಟಾ ಮೇಲಕ್ಕೆ ಮಡಚಿ ತಲೆಯ ಸುತ್ತ ಕೂರಿಸಿ ಆ ಅಳತೆಗೆ ತರೋದು ಒಂದು ಉಪಾಯ. ಪೀಕ್ ಡಿಸೈನ್ ಕಂಪನಿ 2019ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ತಂದ ಟ್ರೈಪಾಡ್ ಬೇರೆ ದಾರಿ ಹಿಡಿಯಿತು: ಕಾಲುಗಳ ನಡುವಿನ ಖಾಲಿ ಜಾಗವನ್ನೇ ಇಲ್ಲದಂತೆ ಮಾಡಿದರು. ಅದರ ಅಲ್ಯೂಮಿನಿಯಂ ಮಾದರಿ 1.56 ಕೆಜಿ, ಕಾರ್ಬನ್ ಫೈಬರಿನದ್ದು 1.27 ಕೆಜಿ. ಗಮನಿಸಿ, ವ್ಯತ್ಯಾಸ 300 ಗ್ರಾಂ ಕೂಡ ಇಲ್ಲ. ಬೆಲೆಯ ವ್ಯತ್ಯಾಸ ಮಾತ್ರ ಬಹಳ. ಅರ್ಧ ಲೀಟರ್ ನೀರಿನ ಬಾಟಲಿ ಒಂದು ಕಡಿಮೆ ಹೊತ್ತರೆ ಆ ತೂಕ ಸರಿಹೋಗುತ್ತದೆ ಅನ್ನೋದು ನನ್ನ ಲೆಕ್ಕ. ದಿನಾ ಬೆಟ್ಟ ಹತ್ತೋರು ಒಪ್ಪಲಿಕ್ಕಿಲ್ಲ.

ಕಾಲಿನಲ್ಲಿ ಎಷ್ಟು ತುಂಡು ಇದೆ ಅಂತ ಎಣಿಸಿ. ತುಂಡು ಜಾಸ್ತಿ ಆದಷ್ಟು ಮಡಚಿದಾಗ ಗಿಡ್ಡ, ಆದರೆ ಕೊನೇ ತುಂಡು ಪೆನ್ಸಿಲ್ ತರ. ನಾಲ್ಕು ತುಂಡಿನವರೆಗೆ ಪರವಾಗಿಲ್ಲ. ಎತ್ತರ ನೋಡುವಾಗ ನಡುವಿನ ಕಂಬ ಎತ್ತದೆ ಎಷ್ಟು ಬರುತ್ತದೆ ಅಂತ ಕೇಳಿ. ಕಂಬ ಎತ್ತಿದ ಟ್ರೈಪಾಡ್ ಅಂದರೆ ಮೂರು ಕಾಲಿನ ಮೇಲೆ ನಿಂತ ಒಂಟಿ ಕಾಲು. 'ಇಷ್ಟು ಕೆಜಿ ಹೊರುತ್ತದೆ' ಅನ್ನೋ ಅಂಕಿಯನ್ನು ಪೂರ್ತಿ ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ರೀತಿ ಅಳೀತದೆ. ಅಂಗಡಿಯಲ್ಲೇ ಪೂರ್ತಿ ಬಿಚ್ಚಿ ನಿಲ್ಲಿಸಿ, ಕ್ಯಾಮೆರಾ ಹಾಕಿ, ಝೂಮ್ ಮಾಡಿ, ಕಾಲಿಗೆ ಬೆರಳಲ್ಲಿ ಒಂದು ಪೆಟ್ಟು ಕೊಡಿ. ಸ್ಕ್ರೀನಿನಲ್ಲಿ ಚಿತ್ರ ನಡುಗಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ನೋಡಿ. ಪ್ಲೇಟ್ ಲೋಹದ್ದಾಗಿರಲಿ, ಆರ್ಕಾ ಮಾದರಿಯದ್ದಾಗಿರಲಿ. ಕಳೆದುಹೋದರೆ ಬೇರೆ ಕಂಪನಿಯದ್ದೂ ಕೂರುತ್ತದೆ.

ಮನೆಗೆ ತಂದ ಮೇಲೆ ಎರಡು ಸಣ್ಣ ವಿಷಯ. ಟ್ರೈಪಾಡ್ ಮೇಲಿಟ್ಟಾಗ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿ, ಎಷ್ಟೋ ಹಳೇ ಲೆನ್ಸುಗಳು ಇಲ್ಲದ ನಡುಕ ಸರಿಮಾಡೋಕೆ ಹೋಗಿ ತಾವೇ ನಡುಗ್ತವೆ. ಬಟನ್ ಒತ್ತೋ ಬದಲು ಎರಡು ಸೆಕೆಂಡಿನ ಟೈಮರ್ ಹಾಕಿ.

ಕ್ಯಾಮೆರಾನೇ ಇಲ್ಲ, ಫೋನ್ ಮಾತ್ರ ಇದೆ ಅನ್ನೋರು ಎಪಿಸೋಡ್ ಬಿಟ್ಟು ಹೋಗಬೇಡಿ. ಮೊದಲು ಟ್ರೈಪಾಡ್ ತಗೊಳ್ಳೋದು ನಿಮಗೇ ಹೆಚ್ಚು ಲಾಭ. ಪಿಕ್ಸೆಲ್ ಫೋನುಗಳ ನಕ್ಷತ್ರ ತೆಗೆಯೋ ಮೋಡ್ ಫೋನ್ ಅಲುಗದೆ ನಿಂತರೆ ನಾಲ್ಕು ನಿಮಿಷದವರೆಗೆ ಬೆಳಕು ಕೂಡಿಸ್ಕೊಳ್ಳುತ್ತದೆ. ಐಫೋನಿನ ನೈಟ್ ಮೋಡ್ ಕೈಯಲ್ಲಿದ್ದಾಗ ಕೆಲವೇ ಸೆಕೆಂಡು ತಗೊಂಡರೆ, ಟ್ರೈಪಾಡ್ ಮೇಲಿದೆ ಅಂತ ಗೊತ್ತಾದಾಗ 30 ಸೆಕೆಂಡಿನವರೆಗೆ ಬಿಡುತ್ತದೆ. ಮೊಬೈಲ್ ಹಿಡಿಯೋ ಕ್ಲಾಂಪ್ ಒಂದು ಬೇಕು, ಕಾಲಿಂಚಿನ ಸ್ಕ್ರೂ ಎಲ್ಲದಕ್ಕೂ ಒಂದೇ. ನಾಳೆ ಕ್ಯಾಮೆರಾ ಬಂದರೂ ಅದೇ ಕಾಲು ನಡೆಯುತ್ತದೆ.

ತಮ್ಮ ಡಿಸೆಂಬರಿಗೆ ಹಂಪಿಗೆ ಹೋಗ್ತಾನಂತೆ. ಅಲ್ಲಿ ಮಾತ್ರ ಟ್ರೈಪಾಡ್ ಹೊತ್ಕೊಂಡು ಹೋಗಿ ವಿಠ್ಠಲ ದೇವಸ್ಥಾನದೊಳಗೆ ನಿಲ್ಲಿಸೋ ಹಾಗಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಬಾದಾಮಿ, ಪಟ್ಟದಕಲ್ಲಿಗೂ ಅದೇ ನಿಯಮ. ಅಲ್ಲಿ ಅಗಲ ಕಿಂಡಿಯ ಲೆನ್ಸು, ಒರಗಿ ನಿಲ್ಲೋಕೆ ಒಂದು ಜಾಗ, ಅಷ್ಟೇ ದಿಕ್ಕು. ಕಂಬಕ್ಕೆ ಮಾತ್ರ ಒರಗಬೇಡಿ.

ಕೊನೆಗೆ ಅವನು ಏನು ತಗೊಂಡ ಅಂತ ಕೇಳ್ತೀರಿ. ಕೊಡಚಾದ್ರಿಯಲ್ಲಿ ಬಿದ್ದು ಬದುಕಿದ ನನ್ನ ಡಿಎಸ್‌ಎಲ್‌ಆರ್ ಬಾಡಿ ಕಪಾಟಿನಲ್ಲಿತ್ತು, ಕೊಟ್ಟೆ. ಅದಕ್ಕೆ 50 ಎಂಎಂ ಸೆಕೆಂಡ್ ಹ್ಯಾಂಡ್ ಹುಡುಕಿದ್ದು. ಡಿಎಸ್‌ಎಲ್‌ಆರ್ ಲೆನ್ಸನ್ನು ಮುಂದೆ ಅದೇ ಕಂಪನಿಯ ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಬಳಸಬಹುದು, ಮಿರರ್‌ಲೆಸ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕೋಕಾಗೋದಿಲ್ಲ. ಹಾಗಾಗಿ ಈ ದುಡ್ಡು ಪೂರ್ತಿ ಮುಳುಗೋದಿಲ್ಲ.

ಹಳೇ ಲೆನ್ಸ್ ಕೊಳ್ಳುವಾಗ, ಅದರಲ್ಲೂ ಮಲೆನಾಡು ಕರಾವಳಿಯವರು, ಫೋನಿನ ಟಾರ್ಚ್ ಹಿಂದಿನಿಂದ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಅಗ್ಗ ಆದರೂ ಬೇಡ. ಅವನು ನೋಡಿದ ಮೊದಲ ಲೆನ್ಸಿನಲ್ಲಿ ಅಂಚಿಗೆ ಅಂಥ ಎಳೆ ಇತ್ತು, ಮಾರುವವರು "ಅದು ಧೂಳು" ಅಂದರಂತೆ. ಬಿಟ್ಟು ಬಂದ. ಎರಡನೆಯದು ಶುದ್ಧ ಇತ್ತು, 6,000 ರೂಪಾಯಿ. ಅಲ್ಯೂಮಿನಿಯಂ ಟ್ರೈಪಾಡ್ 10,200. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗಿನ ತೇವ ಅಳೆಯೋ ಪುಟ್ಟ ಮೀಟರ್ ಸೇರಿ 600. ಮುಳ್ಳು ಶೇ 40ರಿಂದ 50ರ ನಡುವೆ ಇರಬೇಕು. ಒಟ್ಟು 16,800, ಎರಡು ಕಂತಿನಷ್ಟೂ ಅಲ್ಲ. ಚಿಕ್ಕಪ್ಪನಿಗೆ ಅವನೇ ಹೇಳಿದ್ದಾನೆ.

ಮೊನ್ನೆ ಸಹಸ್ರಲಿಂಗದಲ್ಲಿ ಶಾಲ್ಮಲಾ ನದಿಯ ನೀರು ಹಾಲಿನ ಹಾಗೆ ಹರಿಯೋ ಫೋಟೊ ಕಳಿಸಿದ. ಆಟದ ರಾತ್ರಿಯವೂ ಬಂದವು, ಇನ್ನೂರರಲ್ಲಿ ಹದಿನೈದಿಪ್ಪತ್ತು ಚೊಕ್ಕ ಇವೆ. ಮೇಳದವರು ಮೂರು ಕೇಳಿದ್ದಾರಂತೆ, ದುಡ್ಡಿನ ಮಾತು ಇನ್ನೂ ಬಂದಿಲ್ಲ. ಕೆಳಗೆ ಒಂದು ಸಾಲು: "ಅಕ್ಕಾ, ಮಂಗಟ್ಟೆಗೆ ಯಾವ ಲೆನ್ಸು?"

ಬಾಡಿಗೆಗೆ ತಗೋ, ಒಂದು ವಾರಾಂತ್ಯ ನೋಡು, ಆಮೇಲೆ ಮಾತಾಡೋಣ ಅಂದಿದ್ದೀನಿ. ನಿಮ್ಮ ಹತ್ತಿರವೂ ಇಂಥ ಕೆಟ್ಟ ಫೋಟೊ ಇದ್ದರೆ ಯಾಕೆ ಕೆಟ್ಟಿತು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೆಲವನ್ನು ಎತ್ಕೊಳ್ತೀನಿ.