ಆಧುನಿಕ ಶಿಲ್ಪದ ಸಂರಕ್ಷಣೆ: ದ್ರವ್ಯ, ರೂಪ, ವಿಧಿ

ಬೇಲೂರಿನ ಮದನಿಕೆಯ ಬೆರಳೊಂದು ಮುರಿದಿದ್ದರೆ ನಾವು ಅದನ್ನು ಒಂದು ಕೊರತೆಯೆಂದು ಭಾವಿಸುತ್ತೇವೆಯೇ ಹೊರತು ಶಿಲ್ಪವೇ ನಷ್ಟವಾಯಿತೆಂದು ಹೇಳುವುದಿಲ್ಲ. ಬಳಪದ ಕಲ್ಲು ಶತಮಾನಗಳ ಗಾಳಿ ಬಿಸಿಲುಗಳಿಗೆ ಮೈಯೊಡ್ಡಿ ನಿಂತಿದೆ. ಅದನ್ನು ಕಡೆದ ರೂವಾರಿಯೂ ಅದು ನಿಲ್ಲಲೆಂದೇ ಕಡೆದನು. ಶಿಲ್ಪವೆಂದರೆ ಸ್ಥಿರವಾದುದೆಂಬ ಭಾವನೆ ನಮ್ಮಲ್ಲಿ ಬೇರೂರಿರುವುದು ಇಂತಹ ಕೃತಿಗಳ ಸಹವಾಸದಿಂದಲೇ. ಇಪ್ಪತ್ತನೆಯ ಶತಮಾನದ ಶಿಲ್ಪಿಗಳು ಈ ಭಾವನೆಯನ್ನು ಅಲುಗಿಸಿದರು. ಸಿಮೆಂಟು, ಕಬ್ಬಿಣದ ಸರಳು, ಪ್ಲಾಸ್ಟಿಕ್ಕು, ರಬ್ಬರಿನ ಹಾಲು, ವಿದ್ಯುದ್ದೀಪ, ನೂಲು, ಸೆಗಣಿ ಇವೆಲ್ಲವೂ ಅವರಿಗೆ ಶಿಲ್ಪದ್ರವ್ಯಗಳಾದುವು. ದ್ರವ್ಯ ಬದಲಾದೊಡನೆ ಸಂರಕ್ಷಣೆಯ ಪ್ರಶ್ನೆಯೂ ಬದಲಾಯಿತು. ಕೃತಿಯನ್ನು ಹೇಗೆ ಉಳಿಸಬೇಕೆಂಬುದಕ್ಕಿಂತ ಮೊದಲು, ಕೃತಿಯಲ್ಲಿ ಉಳಿಸತಕ್ಕದ್ದು ಯಾವುದು ಎಂಬುದನ್ನು ಈಗ ನಿರ್ಣಯಿಸಬೇಕಾಗಿದೆ.

ಈ ವಿಚಾರಕ್ಕೆ ಭಾರತದಲ್ಲಿ ಶಾಂತಿನಿಕೇತನಕ್ಕಿಂತ ಉತ್ತಮವಾದ ನಿದರ್ಶನ ನಮಗೆ ತೋರದು. ಬಂಗಾಳದ ಬಾಂಕುಡಾದಲ್ಲಿ 1906ರಲ್ಲಿ ಜನಿಸಿದ ರಾಮಕಿಂಕರ ಬೈಜ್ 1925ರಲ್ಲಿ ಅಲ್ಲಿಯ ಕಲಾಭವನವನ್ನು ಸೇರಿ, ನಂದಲಾಲ ಬಸುಗಳ ಶಿಷ್ಯರಾಗಿ, ಮುಂದೆ ಅಲ್ಲಿಯೇ ಅಧ್ಯಾಪಕರಾದರು. ಅವರು 1938ರಲ್ಲಿ ರಚಿಸಿದ ‘ಸಂತಾಲ ಕುಟುಂಬ’ ಭಾರತದ ಮೊದಲ ಆಧುನಿಕ ಸಾರ್ವಜನಿಕ ಶಿಲ್ಪವೆಂದು ಪ್ರಸಿದ್ಧವಾಗಿದೆ. ಹೆಗಲ ಮೇಲೆ ಅಡ್ಡೆ ಹೊತ್ತ ಗಂಡಸು, ಅವನ ಪಕ್ಕದಲ್ಲಿ ಹೆಂಗಸು, ಮಕ್ಕಳು, ಜೊತೆಗೊಂದು ನಾಯಿ. ಇದ್ದಬದ್ದುದನ್ನೆಲ್ಲ ಹೊತ್ತು ಬೇರೊಂದು ಬದುಕನ್ನರಸಿ ಹೊರಟ ಕುಟುಂಬವಿದು. ಇವರು ಯಾವ ಪೀಠವನ್ನೂ ಏರಿ ನಿಂತವರಲ್ಲ. ಆಶ್ರಮದ ನೆಲದ ಮೇಲೆ ದಾರಿಹೋಕರಂತೆಯೇ ನಡೆದಿದ್ದಾರೆ. 1956ರ ‘ಗಿರಣಿಯ ಕರೆ’ಯಲ್ಲಿ ಗಿರಣಿಯ ಕೂಗಿಗೆ ಓಡುತ್ತಿರುವ ಇಬ್ಬರು ಸಂತಾಲ ಸ್ತ್ರೀಯರ ಸೀರೆ ಗಾಳಿಗೆ ಹಾರುತ್ತಿದೆ.

ಈ ಕೃತಿಗಳ ದ್ರವ್ಯ ಸಿಮೆಂಟಿನೊಡನೆ ಕಲಸಿದ ಮುರಕಲ್ಲಿನ ಹರಳು. ನಮ್ಮ ಕರಾವಳಿಯವರು ಮುರಕಲ್ಲೆಂದೂ ಮಲೆನಾಡಿನವರು ಜಂಬಿಟ್ಟಿಗೆಯೆಂದೂ ಕರೆಯುವ ಈ ಕೆಂಪು ಕಲ್ಲಿಗೆ ವಿಜ್ಞಾನಿಗಳು ಬಳಸುವ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿ 1807ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್. ಶಾಂತಿನಿಕೇತನದ ನೆಲವೂ ಇದೇ ಕೆಂಪುನೆಲ. ಕಂಚಿಗಾಗಲಿ ಅಮೃತಶಿಲೆಗಾಗಲಿ ಹಣವಿಲ್ಲದ ಶಿಲ್ಪಿ ಕಾಲಡಿಯ ಹರಳನ್ನೇ ಎತ್ತಿಕೊಂಡನು. ಕಬ್ಬಿಣದ ಸರಳುಗಳ ಹಂದರವನ್ನು ಕಟ್ಟಿ, ಹಸಿಯ ಮಿಶ್ರಣವನ್ನು ಹಿಡಿಹಿಡಿಯಾಗಿ ಅದರ ಮೇಲೆ ಎಸೆದು, ಗಟ್ಟಿಯಾಗುವ ಮುನ್ನ ಕೆತ್ತಿ ತಿದ್ದುವುದು ಅವರ ಪದ್ಧತಿ. ಬಡತನದಿಂದ ಒದಗಿದ ಈ ದ್ರವ್ಯವೇ ಕೃತಿಯ ಅರ್ಥದ ಭಾಗವಾಯಿತು. ಆ ನೆಲದ ಜನರನ್ನು ಆ ನೆಲದ ಕಲ್ಲಿನಿಂದಲೇ ಕಟ್ಟಿದಂತಾಯಿತು. ಒರಟಾದ ಮೈಯ ಮೇಲೆ ಎಸೆದ ಕೈಯ ವೇಗ ಇಂದಿಗೂ ಕಾಣುತ್ತದೆ.

ಆದರೆ ಕಾಂಕ್ರೀಟು ಕಲ್ಲಲ್ಲ. ಅದರೊಳಗಿನ ಕಬ್ಬಿಣಕ್ಕೆ ಸಿಮೆಂಟಿನ ಕ್ಷಾರವೇ ಕವಚ. ಹೊಸ ಕಾಂಕ್ರೀಟಿನ ಕ್ಷಾರತೆ ಪಿ.ಎಚ್. ಮಾನದಲ್ಲಿ 12ಕ್ಕೂ ಮೇಲಿರುತ್ತದೆ. ಆ ಸ್ಥಿತಿಯಲ್ಲಿ ಕಬ್ಬಿಣದ ಮೇಲೆ ತೆಳುವಾದ ರಕ್ಷಾಪಟಲವೊಂದು ನಿಲ್ಲುತ್ತದೆ. ಗಾಳಿಯಲ್ಲಿರುವ ಇಂಗಾಲಾಮ್ಲ ವಾಯು ಕಾಲಕ್ರಮದಲ್ಲಿ ಒಳಗಿಳಿದು ಸುಣ್ಣದೊಡನೆ ಬೆರೆತು ಈ ಕ್ಷಾರವನ್ನು ತಗ್ಗಿಸುತ್ತದೆ. ಮಾನವು 9ರ ಸಮೀಪಕ್ಕೆ ಇಳಿಯಿತೆಂದರೆ ಪಟಲ ಕರಗುತ್ತದೆ, ತೇವವಿದ್ದಲ್ಲಿ ತುಕ್ಕು ಹುಟ್ಟುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುವುದರಿಂದ ಒಳಗಿನಿಂದಲೇ ಒತ್ತಿ ಮೇಲ್ಮೈಯನ್ನು ಸೀಳುತ್ತದೆ. ಕೈಯಿಂದ ಎಸೆದು ಕಟ್ಟಿದ ಶಿಲ್ಪದಲ್ಲಿ ಹೊದಿಕೆಯ ದಪ್ಪ ಎಲ್ಲೆಡೆ ಒಂದೇ ಆಗಿರುವುದಿಲ್ಲ. ತೋಳು, ಬೆರಳು, ಹಾರುವ ಸೆರಗು ಮೊದಲಾದ ತೆಳುವಾದ ಕಡೆಗಳಲ್ಲಿ ಹಾನಿ ಬೇಗ ತಲೆದೋರುವುದು ಸಹಜ. ಹರಳುಗಳ ಸಂದಿಯಲ್ಲಿ ಮಳೆನೀರು ನಿಂತು ಪಾಚಿ ಬೆಳೆಯುವುದು ಇನ್ನೊಂದು ಕೇಡು.

ಪರಿಹಾರಗಳೂ ತೊಡಕಿಲ್ಲದವಲ್ಲ. ಬಿರುಕಿಗೆ ಗಟ್ಟಿಯಾದ ಹೊಸ ಸಿಮೆಂಟನ್ನು ಮೆತ್ತಿದರೆ, ತೇಪೆ ನಿಂತು ಸುತ್ತಲಿನ ಹಳೆಯ ಮೈ ಒಡೆಯುತ್ತದೆ. ನೀರು ಸೋಕದಂತೆ ರಾಳವನ್ನು ಬಳಿದರೆ ಒಳಗಿನ ತೇವ ಹೊರಬರಲಾರದೆ ಕೊಳೆಯುತ್ತದೆ. ಜೊತೆಗೆ ಮುರಕಲ್ಲಿನ ಮಂದವಾದ ಕೆಂಪು ಹೊಳಪಾಗಿ ಕೆಡುತ್ತದೆ. ಮೇಲೊಂದು ಮಾಡನ್ನು ಕಟ್ಟಿದರೆ ಮಳೆ ತಪ್ಪುವುದೇನೋ ನಿಜ. ಆದರೆ ಬಯಲಿನಲ್ಲಿ ನಡೆಯುತ್ತಿದ್ದವರು ಮಂಟಪದ ಮೂರ್ತಿಗಳಾಗುತ್ತಾರೆ. ಅಚ್ಚು ತೆಗೆದು ಕಂಚಿನಲ್ಲಿ ಎರೆದರೆ ರೂಪ ಉಳಿಯುತ್ತದೆ, ನೆಲ ಹೋಗುತ್ತದೆ. ಕಂಚಿನ ಪ್ರತಿಯನ್ನು ರೂಪದ ದಾಖಲೆಯೆಂದು ಗೌರವಿಸಬಹುದು. ಮೂಲದ ಸ್ಥಾನಕ್ಕೆ ಅದನ್ನು ಏರಿಸುವುದನ್ನು ನಾವು ಒಪ್ಪಲಾರೆವು. ಇರುವ ದಾರಿಗಳಲ್ಲಿ ಕಡಿಮೆ ಕೆಡುಕಿನದೆಂದರೆ ನಿತ್ಯದ ಆರೈಕೆ: ಹಳೆಯದಕ್ಕೆ ಹೊಂದುವ ಬಲವುಳ್ಳ ಗಾರೆ, ಅದೇ ನೆಲದ ಹರಳು, ವರ್ಷವರ್ಷವೂ ಬಿರುಕುಗಳ ಪರೀಕ್ಷೆ. ಶಾಂತಿನಿಕೇತನ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿರುವುದರಿಂದ ಈ ಕಾರ್ಯದ ಹೊಣೆ ಹಿರಿದಾಗಿದೆ.

ಇಟಲಿಯ ಚೆಸಾರೆ ಬ್ರಾಂಡಿ 1963ರಲ್ಲಿ ಪ್ರಕಟಿಸಿದ ತನ್ನ ಜೀರ್ಣೋದ್ಧಾರ ಸಿದ್ಧಾಂತದಲ್ಲಿ, ನಾವು ಸರಿಪಡಿಸಬಲ್ಲುದು ಕೃತಿಯ ದ್ರವ್ಯವನ್ನು ಮಾತ್ರ ಎಂದು ವಿಧಿಸಿದನು. ಸಂತಾಲ ಕುಟುಂಬಕ್ಕೆ ಈ ಸೂತ್ರ ಸಲ್ಲುತ್ತದೆ. ದ್ರವ್ಯವೇ ನಿಲ್ಲದಿದ್ದಾಗ ಮಾಡುವುದೇನು? ನಾಉಮ್ ಗಾಬೊ 1920ರ ದಶಕದಲ್ಲಿ ಸೆಲ್ಯುಲೋಸ್ ಅಸಿಟೇಟಿನ ತಿಳಿಹಾಳೆಗಳಿಂದ ಕಟ್ಟಿದ ಕೃತಿಗಳಲ್ಲಿ ಕೆಲವು ವಿನೆಗರಿನ ವಾಸನೆ ಬೀರುತ್ತ ಸೊಟ್ಟಗಾಗಿ ಒಡೆದುವು. ಆ ಆಮ್ಲ ಹೊರಹೋಗದಂತೆ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿದಷ್ಟೂ ನಾಶದ ವೇಗ ಹೆಚ್ಚುತ್ತದೆ. ರಕ್ಷಣೆಗೆಂದು ಮಾಡಿದುದೇ ಭಕ್ಷಣೆಯಾದಂತೆ. 1970ರಲ್ಲಿ 34ನೆಯ ವಯಸ್ಸಿನಲ್ಲಿ ತೀರಿಕೊಂಡ ಇವಾ ಹೆಸ್ ರಬ್ಬರಿನ ಹಾಲು ಬಾಳುವುದಿಲ್ಲವೆಂದು ತಿಳಿದೂ ಅದನ್ನೇ ಬಳಸಿದಳು. 1969ರಲ್ಲಿ ಆಕೆ ರಚಿಸಿದ ‘ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಷನ್’ ಪೆಡಸಾಗಿ ಕಂದಿಹೋಗಿ, ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದಲ್ಲಿ 35 ವರ್ಷ ಮರೆಯಲ್ಲಿದ್ದು 2022ರಲ್ಲಿ ಮತ್ತೆ ಜನರ ಮುಂದೆ ಬಂದಿತು. ಅದನ್ನು ಹೊಸದಾಗಿ ಮಾಡಿ ತೋರಿಸದೆ, ಮುಪ್ಪಡರಿದ ಸ್ಥಿತಿಯಲ್ಲೇ ತೋರಿಸಿದುದು ಉಚಿತವೆಂದು ನಮ್ಮ ಎಣಿಕೆ.

ಪ್ರತಿಷ್ಠಾಪನ ಕಲೆಯಲ್ಲಿ ಪ್ರಶ್ನೆ ಮತ್ತೊಂದು ಮಗ್ಗುಲಿಗೆ ಹೊರಳುತ್ತದೆ. ಇಲ್ಲಿ ಕೃತಿ ಒಂದು ವಸ್ತುವಲ್ಲ, ಒಂದು ಸ್ಥಳದಲ್ಲಿ ವಸ್ತುಗಳ ವಿನ್ಯಾಸ. ಪ್ರದರ್ಶನ ಮುಗಿದೊಡನೆ ಕಳಚಿ ಪೆಟ್ಟಿಗೆ ಸೇರುವಂತಹದು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿಯೂ ಬಳಿಕ ರಾಮಕಿಂಕರರ ಆ ಶಾಂತಿನಿಕೇತನದಲ್ಲಿಯೂ ಓದಿದ ಶೀಲಾ ಗೌಡ ಅವರ ಕೃತಿಗಳನ್ನು ನೋಡಬಹುದು. ಸೆಗಣಿ, ಕುಂಕುಮ, ಸೂಜಿಗೆ ಪೋಣಿಸಿದ ನೂಲು ಇವು ಅವರ ದ್ರವ್ಯಗಳು. 2009ರ ವೆನಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿದ್ದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಅವರ ‘ಬಿಹೋಲ್ಡ್’ ಸುಮಾರು 4 ಕಿಲೋಮೀಟರು ಉದ್ದದ ಕೂದಲಿನ ಹಗ್ಗಗಳಿಂದಲೂ 20ರಷ್ಟು ಕಾರಿನ ಬಂಪರುಗಳಿಂದಲೂ ಆದುದು. ದೃಷ್ಟಿ ತಾಗದಿರಲೆಂದು ಬೆಂಗಳೂರಿನ ಚಾಲಕರು ವಾಹನದ ಬಂಪರಿಗೆ ಕಟ್ಟುವ ಕೂದಲ ಹುರಿಯೇ ಇದರ ಮೂಲ.

ಇಂತಹ ಕೃತಿಯನ್ನು ಬೇರೆ ಬೇರೆ ಅಳತೆಯ ಕೋಣೆಗಳಲ್ಲಿ ಮತ್ತೆ ಮತ್ತೆ ನಿಲ್ಲಿಸಬೇಕು. ಆಗ ಉಳಿಯುವುದು ದ್ರವ್ಯವೂ ಅಲ್ಲ, ನಿಶ್ಚಿತವಾದ ರೂಪವೂ ಅಲ್ಲ, ನಿಲ್ಲಿಸುವ ವಿಧಿ. ನಮ್ಮ ಪರಂಪರೆಗೆ ಈ ಕಲ್ಪನೆ ಅಪರಿಚಿತವಲ್ಲ. ಜೀರ್ಣವಾದ ಬಿಂಬದ ಶಕ್ತಿಯನ್ನು ಕಲಾಕರ್ಷಣದಿಂದ ಕಲಶಕ್ಕೆ ತಂದು, ಹೊಸ ಬಿಂಬದಲ್ಲಿ ಪ್ರತಿಷ್ಠಿಸುವ ಕ್ರಮವನ್ನು ಆಗಮಗಳು ಹೇಳುತ್ತವೆ. ಪುರಿಯಲ್ಲಿ ದಾರುಮೂರ್ತಿಗಳನ್ನು 2015ರಲ್ಲಿ ಹೀಗೆಯೇ ನವೀಕರಿಸಲಾಯಿತು. ಆದರೆ ಅಲ್ಲಿ ವಿಧಿಯನ್ನು ಬಲ್ಲ ವಂಶಗಳಿವೆ, ಗ್ರಂಥಗಳಿವೆ. ಪ್ರತಿಷ್ಠಾಪನ ಕಲೆಯಲ್ಲಿ ಪ್ರತಿಯೊಬ್ಬ ಕಲಾವಿದನೂ ತನ್ನ ಆಗಮವನ್ನು ತಾನೇ ಬರೆದಿಡಬೇಕು. ಯಾವ ಭಾಗವನ್ನು ಬದಲಿಸಬಹುದು, ಯಾವುದನ್ನು ಕೂಡದು, ಗಂಟು ಎಲ್ಲಿ ಬೀಳಬೇಕು, ಹಗ್ಗ ಗೋಡೆಯಿಂದ ಇಳಿಯುವಾಗ ಎಷ್ಟು ಸಡಿಲವಿರಬೇಕು ಎಂಬಂತಹ ವಿವರಗಳು ಛಾಯಾಚಿತ್ರದಲ್ಲಿ ಸಿಕ್ಕುವುವಲ್ಲ. ಕಟ್ಟುವವರ ಜೊತೆ ನಿಂತು ಕೇಳಿ ಬರೆದುಕೊಳ್ಳಬೇಕು.

ಬಿಹೋಲ್ಡ್ ಕೃತಿಯಲ್ಲಿಯೇ ಇಂತಹದೊಂದು ಬಿಕ್ಕಟ್ಟು ಅಡಗಿದೆ. ದೇವಾಲಯಗಳಲ್ಲಿ ಮುಡಿ ಕೊಡುವ ಪದ್ಧತಿ ಇರುವವರೆಗೆ ಕೂದಲಿಗೆ ಬರವಿಲ್ಲ. ಹಗ್ಗವನ್ನು ಮತ್ತೆ ಹೊಸೆಯಬಹುದು. ಲೋಹದ ಬಂಪರಾದರೋ ಪ್ಲಾಸ್ಟಿಕ್ಕಿಗೆ ಎಡೆಗೊಟ್ಟು ಹೊಸ ಕಾರುಗಳಿಂದ ಮರೆಯಾಗಿದೆ. ಸವೆಯುವುದೆಂದು ನಾವು ಭಾವಿಸಿದ ಕೂದಲು ದೊರೆಯುವಂತಹದಾಗಿ, ಗಟ್ಟಿಯೆಂದು ಭಾವಿಸಿದ ಲೋಹ ದೊರೆಯದಂತಹದಾಗಿದೆ. ಹೊಸದಾಗಿ ಹೊಸೆದ ಹಗ್ಗ ಅದೇ ಕೃತಿಯ ಹಗ್ಗವಾಗುವುದೇ, ಬೇರೆ ಬಂಪರು ಸಲ್ಲುವುದೇ ಎಂಬುದನ್ನು ನಿರ್ಣಯಿಸುವ ಅಧಿಕಾರ ಮೊದಲು ಕಲಾವಿದರದು. ರಾಮಕಿಂಕರರು 1980ರಲ್ಲಿ ತೀರಿಕೊಂಡರು. ತೇಪೆಯ ಗಾರೆಯ ವಿಷಯವಾಗಿ ಅವರನ್ನು ಕೇಳುವಂತಿಲ್ಲ. ಪ್ರತಿಷ್ಠಾಪನ ಕಲೆಯನ್ನು ನಮ್ಮಲ್ಲಿ ಬೆಳೆಸಿದ ತಲೆಮಾರಿನ ಹಲವರನ್ನು ಮಾತ್ರ ಬೆಂಗಳೂರಿನಲ್ಲಿಯೇ ಹೋಗಿ ಕೇಳಬಹುದಾಗಿದೆ.