ತೂಕ ನಾಲ್ಕು ಕೆ.ಜಿ., ಬಿಲ್ ಎಂಟು ಕೆ.ಜಿ.ಗೆ: ಪಾರ್ಸಲ್ ಬಾಡಿಗೆ ಲೆಕ್ಕ ತಿಳ್ಕೊಳ್ಳಿ

ಕಲಬುರಗಿ: ಕಮಲಾಪುರದ ಅಂಗಡಿಯವರೊಬ್ಬರು ಬೆಂಗಳೂರಿನ ಗಿರಾಕಿಗೆ ಖಡಕ್ ರೊಟ್ಟಿ ಕಳಿಸ್ತಾರೆ ಅಂದುಕೊಳ್ಳಿ. ಡಬ್ಬಿ ತೂಕ 4 ಕೆ.ಜಿ. ಕೆ.ಜಿ.ಗೆ 20 ರೂ. ರೇಟು ಹಿಡಿದು ಗಿರಾಕಿಯಿಂದ 80 ರೂ. ಬಾಡಿಗೆ ತಗೊಂಡಿರ್ತಾರೆ. ಕಲಬುರಗಿಯ ಬುಕಿಂಗ್ ಕೌಂಟರ್‌ನಲ್ಲಿ ಬಿಲ್ ಆಗೋದು 160 ರೂ. ಮೇಲಿನ 80 ರೂ. ಲಾಭದಲ್ಲೇ ಕಡಿತ. ಇದು ಮೋಸ ಅಲ್ಲ, ಲೆಕ್ಕವೇ ಬೇರೆ.

ಜಾಗಕ್ಕೂ ದುಡ್ಡು

ಗಾಡಿ ತುಂಬೋದು ಎರಡು ರೀತಿ: ತೂಕದಿಂದ, ಇಲ್ಲವೇ ಜಾಗದಿಂದ. ರೊಟ್ಟಿ ಹಗುರ, ಆದರೆ ಜಾಗ ಹಿಡಿಯುತ್ತದೆ. ಅದಕ್ಕೆ ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದದ್ದು 'ಗಾತ್ರದ ತೂಕ'. ಇದು ಮತ್ತು ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್.

ಮೇಲಿನ ಡಬ್ಬಿ 40×30×30 ಸೆಂ.ಮೀ. ಗುಣಿಸಿದರೆ 36,000, ಭಾಗಿಸಿದರೆ 7.2. ಮೇಲಕ್ಕೆ ಹಿಡಿದು 8 ಕೆ.ಜಿ. ಅದೇ ಡಬ್ಬಿಯಲ್ಲಿ 25 ಕೆ.ಜಿ. ತೊಗರಿ ಬೇಳೆ ಇದ್ದರೆ ಬಿಲ್ 25 ಕೆ.ಜಿ.ಗೇ ಆಗುತ್ತದೆ.

ರೊಟ್ಟಿಯನ್ನು ಒತ್ತಾಗಿ ಜೋಡಿಸಿ ಎತ್ತರವನ್ನು 20 ಸೆಂ.ಮೀ.ಗೆ ಇಳಿಸಿದರೆ 4.8, ಅಂದರೆ 5 ಕೆ.ಜಿ. ಬಾಡಿಗೆ 160ರಿಂದ 100 ರೂ.ಗೆ ಇಳಿಯಿತು.

5,000 ಎಲ್ಲ ಕಡೆ ಒಂದೇ ಅಲ್ಲ. ಲಾರಿ ಟ್ರಾನ್ಸ್‌ಪೋರ್ಟ್‌ಗಳಲ್ಲಿ ಘನ ಅಡಿ ಲೆಕ್ಕವೂ ಇದೆ. ಘನ ಅಡಿಗೆ 10 ಕೆ.ಜಿ. ಹಿಡಿದರೆ ಆ ಮೊದಲಿನ ಡಬ್ಬಿಯೇ ಸುಮಾರು 13 ಕೆ.ಜಿ. ಆಗುತ್ತದೆ. ಹಾಗಾಗಿ ಕೆ.ಜಿ. ರೇಟು ಕಡಿಮೆ ಅಂತ ಅಷ್ಟಕ್ಕೇ ಒಪ್ಪಬೇಡಿ.

ಸರಕು ಯಾವ ಜಾತಿ?

ಅಮೆರಿಕದಲ್ಲಿ ಲಾರಿ ಸರಕಿಗೆ 50ರಿಂದ 500ರ ತನಕ 18 ಕ್ಲಾಸ್ ಇವೆ. ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸ್‌ಗಳಲ್ಲಿ ಅಂಥ ಪಟ್ಟಿ ಕಾಣಿಸದಿದ್ದರೂ ನೋಡೋದು ಅವೇ ಸಂಗತಿ: ಎಷ್ಟು ಜಾಗ, ಎತ್ತಿಳಿಸೋದು ಎಷ್ಟು ಕಷ್ಟ, ಮೇಲೆ ಬೇರೆ ಮಾಲು ಇಡಬಹುದಾ, ಕೆಡುತ್ತದಾ.

ಬೇಳೆ ಚೀಲ ಭಾರ, ಆದರೆ ಒಂದರ ಮೇಲೊಂದು ಒಟ್ಟಬಹುದು. ರೊಟ್ಟಿ ಮೇಲೆ ಭಾರ ಬಿದ್ದರೆ ಪುಡಿ. ಜಿಐ ಟ್ಯಾಗ್ ಇರುವ ಕಮಲಾಪುರದ ಕೆಂಪು ಬಾಳೆಗೆ ಗಾಳಿ ಬೇಕು, ತಡವಾದರೆ ಹಣ್ಣು ಹೋಯಿತು. ಇಲ್ಲಿ ಕಡಿಮೆ ಬಾಡಿಗೆಗಿಂತ ಬೇಗ ಮುಟ್ಟೋದು ಮುಖ್ಯ. ಕುಸುಬೆ ಎಣ್ಣೆ ಡಬ್ಬ ಸೋರಿದರೆ ಪಕ್ಕದ ಮಾಲೂ ಹಾಳು. ಒಳಗೇನಿದೆ ಅಂತ ಸರಿಯಾಗಿ ಬರೆಸಿ.

ಬುಕ್ ಮಾಡೋ ಮುಂಚೆ ಕೇಳ್ರಿ

- ಭಾಗಿಸೋದು ಎಷ್ಟರಿಂದ? ಕನಿಷ್ಠ ಎಷ್ಟು ಕೆ.ಜಿ.ಗೆ ಬಿಲ್?
- ಬಿಲ್ಟಿ ಚಾರ್ಜ್, ಹಮಾಲಿ, ಡೀಸೆಲ್ ಸರ್‌ಚಾರ್ಜ್ ಸೇರಿ ಒಟ್ಟು ಎಷ್ಟು?
- ಮನೆ ಬಾಗಿಲಿಗಾ, ಗೋಡೌನ್ ತನಕವಾ?
- ಬಾಡಿಗೆ ಇಲ್ಲೇ ಕಟ್ಟೋದಾ, 'ಟು ಪೇ' ಆಗಿ ಗಿರಾಕಿ ಕಟ್ಟೋದಾ?

ಕಮಲಾಪುರದಿಂದ ಕಲಬುರಗಿ ತನಕ ತರುವ ಖರ್ಚನ್ನೂ ಇದಕ್ಕೆ ಕೂಡಿಸಿ. ಬಸ್ ಪಾರ್ಸಲ್, ರೈಲ್ವೆ ಪಾರ್ಸಲ್, ಅಂಚೆ, ಲಾರಿ, ನಾಲ್ಕೂ ಕಡೆ ಅದೇ ಡಬ್ಬಿಯ ಅಳತೆ ಹೇಳಿ ದರ ಕೇಳಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

ಕಾಗದ ಪತ್ರ

ಬೇಳೆಯ 50 ಕೆ.ಜಿ. ಚೀಲಕ್ಕೆ ಜಿಎಸ್‌ಟಿ ಇಲ್ಲ. ಅದೇ ಬೇಳೆಯನ್ನು ಲೇಬಲ್ ಹಾಕಿ 25 ಕೆ.ಜಿ. ಒಳಗಿನ ಪ್ಯಾಕೆಟ್ ಮಾಡಿದರೆ ಶೇ 5 ತೆರಿಗೆ. ತೆರಿಗೆ ಬೀಳುವ ಮಾಲಿನ ಬೆಲೆ 50,000 ರೂ. ದಾಟಿದರೆ ಇ-ವೇ ಬಿಲ್ ಬೇಕು.

ಬಿಲ್ಟಿಯಲ್ಲಿ ಮಾಲಿನ ಬೆಲೆ ಬರೆಸೋದು ಮರೀಬೇಡಿ. ಲಾರಿಯಲ್ಲಿ ಕಳಿಸಿದ ಮಾಲು ಕಳೆದರೆ ಅಥವಾ ಹಾಳಾದರೆ, ಕೋರ್ಟಿಗೆ ಹೋಗುವ ಮೊದಲು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು ಅಂತ 2007ರ ರಸ್ತೆ ಸಾಗಣೆ ಕಾಯ್ದೆ ಹೇಳುತ್ತದೆ. ಬಿಲ್ಟಿ ಅಲ್ಲಿಯ ತನಕ ಜೋಪಾನ.

ತಕ್ಕಡಿ ಪಕ್ಕದಲ್ಲಿ ಒಂದು ಟೇಪ್ ಇಟ್ಟುಕೊಳ್ಳಿ. ಗಿರಾಕಿಗೆ ರೇಟು ಹೇಳೋ ಮುಂಚೆ ಡಬ್ಬಿ ಅಳೆಯಿರಿ.