ಮಷೀನು ನಿಂತ ಮೇಲೂ ಕಿವಿಯಲ್ಲಿ ಗುಂಯ್!

ಪ್ರಶ್ನೆ: ಫರಸಿ ಕಲ್ಲು ಕೊಯ್ಯುವಲ್ಲಿಗೆ ಅಪ್ಪನಿಗೆ ಬುತ್ತಿ ಒಯ್ದು ಬಂದರೆ ರಾತ್ರಿ ತನಕ ಕಿವಿ ಗುಂಯ್‌ಗುಡುತ್ತದೆ. ಯಾಕೆ?
– 6ನೇ ತರಗತಿ ವಿದ್ಯಾರ್ಥಿನಿ, ತಾಂಡೂರು

ಉತ್ತರ: ಆ ಗುಂಯ್ ಹೊರಗಿನದಲ್ಲ ಪುಟ್ಟಿ, ನಿನ್ನೊಳಗಿನದು. ಗರಗಸ ಕಲ್ಲಿಗೆ ತಾಗಿದಾಗ ಗಾಳಿ ನಡುಗುತ್ತದೆ. ಆ ನಡುಕ ಕಿವಿತಮಟೆಗೆ ಬಡಿದು, ಹಿಂದಿರುವ ಮೂರು ಪುಟಾಣಿ ಎಲುಬುಗಳನ್ನು ಅಲುಗಿಸುತ್ತದೆ. ಕೊನೆಯದು ಬರೀ 3 ಮಿಲಿಮೀಟರ್. ಮೈಯಲ್ಲೇ ಅತಿ ಚಿಕ್ಕ ಎಲುಬು. ಅದು ಒಳಗಿವಿಯ ಸುರುಳಿ ನಾಳದ ದ್ರವದಲ್ಲಿ ಅಲೆಯೆಬ್ಬಿಸುತ್ತದೆ. ಅಲ್ಲಿ ಸುಮಾರು 15,000 ರೋಮಕೋಶಗಳಿವೆ. ಅವುಗಳ ರೋಮ ಬಾಗಿದಾಗ ನರದ ಮೂಲಕ ಮಿದುಳಿಗೆ ಸಂಕೇತ ಹೋಗುತ್ತದೆ. ನಿಜವಾಗಿ ಕೇಳುವುದು ಮಿದುಳೇ.

ಬಿರುಗಾಳಿಗೆ ಜೋಳದ ಹೊಲ ಒರಗುವಂತೆ, ಜೋರು ಸದ್ದಿಗೆ ಆ ರೋಮಗಳು ಒರಗುತ್ತವೆ. ದಣಿದ ಕೋಶಗಳ ಸಂಕೇತ ಏರುಪೇರಾಗಿ, ಮಿದುಳು ಇಲ್ಲದ ಸದ್ದನ್ನೂ ಕೇಳಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಸತ್ತ ಕೋಶ ಮಾತ್ರ ಮತ್ತೆ ಹುಟ್ಟದು. ಕೋಳಿಗೆ ಹುಟ್ಟುತ್ತದೆ, ನಮಗಿಲ್ಲ. ಎಂಥ ಅನ್ಯಾಯ ನೋಡು!

85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮೀರಿ ಇರಬಾರದು ಎನ್ನುತ್ತಾರೆ. ಕಲ್ಲಿನ ಗರಗಸ ಅದನ್ನು ಸಲೀಸಾಗಿ ದಾಟುತ್ತದೆ. ನೀನು ಬುತ್ತಿಯನ್ನು ಗೇಟಿನಲ್ಲೇ ಕೊಟ್ಟು ಬಾ. ದಿನವಿಡೀ ಅಲ್ಲೇ ಇರುವ ಅಪ್ಪನಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲು ಹೇಳು. ಬರೀ ಅರಳೆ ತುರುಕಿದರೆ ಸಾಲದು.